ಹನ್ನೊಂದು ಸಲ ಭೂತಾನ್

ನಾನು ಮನೆಗೆ ಬಂದು ಒಂಬತ್ತು ದಿನ ಆಗಿತ್ತು. ಒಂಬತ್ತು ದಿನ ಅಂದರೆ ನನ್ನ ಮಟ್ಟಿಗೆ ಬಹಳವೇ ಆಯಿತು. ಮೊದಲ ಎರಡು ದಿನ ನಿದ್ದೆ, ಮೂರನೆಯ ದಿನ ಬಟ್ಟೆ ಒಗೆತ, ನಾಲ್ಕನೆಯ ದಿನದಿಂದ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಷ್ಟು ಅಂತ ಓಡಾಡುವುದು? ಅಡುಗೆಮನೆಯಿಂದ ಬಾಲ್ಕನಿಗೆ ಹದಿಮೂರು ಹೆಜ್ಜೆ. ಬಾಲ್ಕನಿಯಿಂದ ಮುಂದೆ ಗ್ರಿಲ್.

ನನ್ನ ಹೆಸರು ಸಂಕರ್ಷಣ. ಕೆಲಸ ಅಡುಗೆ. ಉಡುಪಿಯವನು, ಅಡುಗೆ ಮಾಡುತ್ತೇನೆ ಅಂದ ಕೂಡಲೇ ಜನ "ಯಾವ ಹೋಟೆಲ್?" ಅನ್ನುತ್ತಾರೆ. ಹೋಟೆಲ್ ಅಲ್ಲ ಮಾರಾಯ್ರೆ, ಟೂರ್ ಕಂಪನಿ. ನಮ್ಮ ಮುಂಬೈ ಕಡೆಯವರು ಸ್ವರ್ಗಕ್ಕೆ ಟೂರ್ ಹೊರಟರೂ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ-ದಾಲ್ ಕೇಳುವವರು. ಹಾಗಾಗಿ ಕಂಪನಿಯವರು ನಲವತ್ತು ಜನ ಪ್ರವಾಸಿಗರ ಜೊತೆ ಒಬ್ಬ ಅಡುಗೆಯವನನ್ನೂ ಇಬ್ಬರು ಸಹಾಯಕರನ್ನೂ ಕಳಿಸುತ್ತಾರೆ. ಎಲ್ಲರೂ ನನ್ನನ್ನು ಕರೆಯುವುದು ಮಹಾರಾಜ್ ಅಂತ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಇಪ್ಪತ್ತೆರಡು ದೇಶ ಆಗಿದೆ.

"ನಿಮ್ಮ ಪುಣ್ಯ ಮಹಾರಾಜ್, ಬಿಟ್ಟಿಯಾಗಿ ಲೋಕ ನೋಡ್ತೀರಿ" ಅಂತ ಪ್ರತಿ ಗ್ರೂಪಿನಲ್ಲೂ ಒಬ್ಬರು ಹೇಳೇ ಹೇಳುತ್ತಾರೆ. ನಾನು ನಗುತ್ತೇನೆ. ನಾನು ಕಂಡ ಲೋಕ ಎಂತದ್ದು ಅಂತ ಅವರಿಗೇನು ಗೊತ್ತು? ಯಾವ ದೇಶದ ನಲ್ಲಿಯಲ್ಲಿ ನೀರು ಎಷ್ಟು ತಣ್ಣಗಿರುತ್ತದೆ ಅಂತ ಕೇಳಿ, ಹೇಳುತ್ತೇನೆ. ಯಾವ ಹೋಟೆಲಿನ ಹಿಂಬಾಗಿಲಲ್ಲಿ ಕಸದ ಡಬ್ಬ ಎಲ್ಲಿರುತ್ತದೆ, ಯಾವ ದೇಶದ ಈರುಳ್ಳಿಗೆ ಕಣ್ಣು ಉರಿಯುವುದಿಲ್ಲ ಅಂತ ಕೇಳಿ, ಹೇಳುತ್ತೇನೆ. ಸ್ವಿಟ್ಜರ್‌ಲೆಂಡಿನಲ್ಲಿ ಒಮ್ಮೆ ನನ್ನ ಸಾಸಿವೆ ಒಗ್ಗರಣೆಗೆ ಬೆಂಕಿಯ ಅಲಾರಂ ಹೊಡೆದುಕೊಂಡು, ಇಡೀ ಹೋಟೆಲಿನ ಜನ ಮೈಮೇಲೆ ಟವೆಲ್ಲು ಸುತ್ತಿಕೊಂಡು ರಸ್ತೆಗೆ ಬಂದು ನಿಂತಿದ್ದರು. ಆ ದೇಶದ ಜನರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ.

ಆದರೂ ಹೋಗದೆ ಇರಲಿಕ್ಕಾಗುವುದಿಲ್ಲ. ಯಾಕೆ ಅಂತ ನನಗೆ ಗೊತ್ತು, ಯಾರಿಗೂ ಹೇಳಿಲ್ಲ. ಪ್ರತಿ ಟೂರಿನ ಎಂಟನೆಯ ದಿನ ಕೊನೆಯ ಊಟ ಆದ ಮೇಲೆ ಒಂದು ಪದ್ಧತಿ ಉಂಟು. ಟೂರ್ ಮ್ಯಾನೇಜರ್ ಅಡುಗೆಯವರನ್ನು ಒಳಗಿನಿಂದ ಕರೆಯುತ್ತಾನೆ. ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಯಾರೋ ಅಜ್ಜಿ ಕಣ್ಣು ಒರೆಸಿಕೊಂಡು, "ಮಗ ಕೂಡ ಹೀಗೆ ನೋಡಿಕೊಳ್ಳಲಿಲ್ಲ" ಅನ್ನುತ್ತಾಳೆ. ಗ್ರೂಪ್ ಫೋಟೋದಲ್ಲಿ ನನ್ನನ್ನು ನಡುವೆ ನಿಲ್ಲಿಸುತ್ತಾರೆ. ಮರುದಿನ ಹೊಸ ನಲವತ್ತು ಮುಖ, ಹಳೆಯವರು ಯಾರೂ ಫೋನ್ ಮಾಡುವುದಿಲ್ಲ. ಇರಲಿ, ಆ ಐದು ನಿಮಿಷ ನನಗೆ ಬೇಕು. ಮನೆಯಲ್ಲಿ ಊಟ ಮಾಡಿ ಯಾರು ಚಪ್ಪಾಳೆ ತಟ್ಟುತ್ತಾರೆ?

ಈ ಸಲ ಲೇಹ್‌ನಲ್ಲಿ ಮೂರೂವರೆ ತಿಂಗಳು ಕಳೆದು ಬಂದಿದ್ದೆ. ಬಂದ ಎರಡನೆಯ ದಿನವೇ ಮಗಳು ಅಕ್ಷಯಾ ಫೋನಿನಿಂದ ಕಣ್ಣೆತ್ತದೆ, "ಬಾಬಾ, ಪರತ್ ಕಧೀ ಜಾಣಾರ್?" ಅಂದಳು. ಮತ್ತೆ ಯಾವಾಗ ಹೋಗುತ್ತೀರಿ ಅಂತ. ಹದಿನೇಳು ವರ್ಷದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ. ಅವಳು ಕೆಟ್ಟದಾಗಿ ಕೇಳಲಿಲ್ಲ, ಹಾಲು ಎಷ್ಟು ಲೀಟರ್ ತರಲಿ ಅನ್ನುವ ಹಾಗೆ ಕೇಳಿದಳು. ನನಗೆ ಚುರುಕ್ಕೆಂದಿತು. ಆದರೂ ನನ್ನ ಮನಸ್ಸೂ ಅದನ್ನೇ ಕೇಳುತ್ತಿತ್ತಲ್ಲ, ಯಾರ ಮೇಲೆ ಸಿಟ್ಟು ಮಾಡುವುದು?

ಐದನೆಯ ದಿನ ಲೋಕಲ್ ಹತ್ತಿ ಠಾಣೆ ಸ್ಟೇಶನ್ನಿಗೆ ಹೋದೆ. ಅಲ್ಲಿಂದ ಸುಮ್ಮನೆ ವಾಶಿ ಗಾಡಿ ಹತ್ತಿದೆ. ವಾಶಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ಐರೋಲಿ, ಘಣಸೋಲಿ, ತುರ್ಭೆ ಅಂತ ಒಂದೊಂದೇ ಸ್ಟೇಶನ್ ನೋಡುತ್ತ ಹೋದೆ, ವಾಶಿಯಲ್ಲಿ ಇಳಿದು ಅರ್ಧ ಗ್ಲಾಸಿನ ಒಂದು ಕಟಿಂಗ್ ಚಹಾ ಕುಡಿದೆ, ಅದೇ ದಾರಿಯಲ್ಲಿ ತಿರುಗಿ ಬಂದೆ. ಆರನೆಯ ದಿನ ಕರ್ಜತ್ ತನಕ ಹೋದೆ. ಗಾಡಿ ಓಡುವಷ್ಟು ಹೊತ್ತು ಸಮಾಧಾನ, ನಿಂತ ಕೂಡಲೇ ಮತ್ತೆ ಚಡಪಡಿಕೆ. ನಲವತ್ತೊಂಬತ್ತು ವರ್ಷದ ಗಂಡಸು ಹೀಗೆ ಕೆಲಸವಿಲ್ಲದೆ ಲೋಕಲ್ ಗಾಡಿಯಲ್ಲಿ ಕೂತು ಬರುವುದನ್ನು ಹೆಂಡತಿಗೆ ಹೇಳುವುದು ಹೇಗೆ?

ಹೆಂಡತಿ ಅಪರ್ಣಾ. ಅವಳು ಎಂಟು ತಿಂಗಳ ಹಿಂದೆ, ನಾನು ಯುರೋಪಿನಲ್ಲಿದ್ದಾಗ, ಠಾಕುರ್ಲಿ ಸ್ಟೇಶನ್ ಹತ್ತಿರ ಒಂದು ಸಣ್ಣ ಗಾಳಾ, ಅಂದರೆ ಅಂಗಡಿ ಕೋಣೆ, ಬಾಡಿಗೆಗೆ ಹಿಡಿದು ಊಟದ ಡಬ್ಬಿ ಶುರು ಮಾಡಿದ್ದಳು. ನನಗೆ ತಿಳಿಸಿದ್ದು ಬೋರ್ಡು ಹಾಕಿದ ಮೇಲೆ. ದಿನಕ್ಕೆ ಮೂವತ್ತು ಡಬ್ಬಿ, ಅಲ್ಲೇ ಬಂದು ಊಟ ಮಾಡುವವರು ಹತ್ತು ಜನ. ಸಹಾಯಕ್ಕೆ ಕಲಬುರಗಿ ಕಡೆಯ ಚಂದ್ರಬಾಯಿ. ನಾನು ಹೋಗಿ ನೋಡಿದೆ. ಚೊಕ್ಕವಾಗಿಯೇ ಇತ್ತು. ನಾನು ಮಾತ್ರ, ಒಗ್ಗರಣೆ ಸೌಟು ಇಷ್ಟು ಸಣ್ಣದಾ, ಈ ಬರ್ನರಿಗೆ ಬೆಂಕಿ ಉಂಟಾ ಅಂತ ಹತ್ತು ತಪ್ಪು ತೆಗೆದು ಬಂದೆ.

ನಾನು ಲೇಹ್‌ನಿಂದ ಬಂದ ದಿನವೇ ಅಪರ್ಣಾ ವಿಷಯ ತೆಗೆದಿದ್ದಳು.

"ಇವ್ರೇ, ದೀಪಾವಳಿ ಕಳೆದ ಮೇಲೆ ನೀವು ಇಲ್ಲೇ ಇರ್ಬೇಕು. ಅಂಗಡಿ ನೋಡ್ಕೊಳ್ಬೇಕು."

"ದೀಪಾವಳಿ ಕಳೆದ್ರೆ ಭೂತಾನ್ ಉಂಟಲ್ಲ ಮಾರಾಯ್ತಿ. ಮೂರು ಗ್ರೂಪು, ಒಂದರ ಹಿಂದೆ ಒಂದು."

"ಈ ಸಲ ಭೂತಾನ್ ಬೇಡ ಹೇಳಿ. ಯಾಕಂದ್ರೆ ನಾನು..."

"ಯಾಕೆ ಅಂತ ನನಗೆ ಗೊತ್ತುಂಟು!" ನನ್ನ ಮಂಡೆ ಬಿಸಿಯಾಗಿತ್ತು. "ಇಪ್ಪತ್ತೆರಡು ದೇಶ ತಿರುಗಿದವನು ಠಾಕುರ್ಲಿಯಲ್ಲಿ ಡಬ್ಬಿ ಕಟ್ಟಿಕೊಂಡು ಕೂತ್ಕೊಳ್ಬೇಕು, ಅಷ್ಟೇ ಅಲ್ವಾ? ಒಂದು ಸಲ ಕೂರಿಸಿದ್ರೆ ಆಯ್ತು, ಮತ್ತೆ ಏಳುದು ಉಂಟಾ?"

"ಆಯ್ತು. ಗುರುವಾರದ ಒಳಗೆ ಹೇಳಿ, ಇರ್ತೀರಾ ಇಲ್ವಾ ಅಂತ. ನನಗೂ ಒಂದು ಕಡೆ ಹೇಳ್ಲಿಕ್ಕುಂಟು" ಅಂದಳು. ಎಲ್ಲಿ ಹೇಳಲಿಕ್ಕುಂಟು ಅಂತ ನಾನು ಕೇಳಲಿಲ್ಲ. ಬೇರೆ ಅಡುಗೆಯವರನ್ನು ಹುಡುಕಿರಬಹುದು ಅಂದುಕೊಂಡು ಅದಕ್ಕೂ ಸಿಟ್ಟು ಬಂತು.

ಠಾಣೆಯಲ್ಲಿರುವ ನಮ್ಮ ಕಂಪನಿ ಆಫೀಸಿನ ಮನೀಶನೂ ಅದೇ ಗಡುವು ಕೊಟ್ಟಿದ್ದ. ಗುರುವಾರ ಸಂಜೆ ಐದಕ್ಕೆ ಭೂತಾನ್ ಪರ್ಮಿಟ್ಟಿಗೆ ಹೆಸರು ಕಳಿಸಬೇಕು, ಮಹಾರಾಜ್ ಹ್ಞೂಂ ಅಂದರೆ ಸಾಕು. ಹತ್ತು ಸಲ ಫೋನ್ ಕೈಗೆತ್ತಿಕೊಂಡೆ, ಹತ್ತು ಸಲ ಕೆಳಗಿಟ್ಟೆ. ಹೋಗುತ್ತೇನೆ ಅಂದರೆ ಇವಳ ಮುಖ, ಇರುತ್ತೇನೆ ಅಂದರೆ ಆ ಹದಿಮೂರು ಹೆಜ್ಜೆ.

ಬುಧವಾರ ಮಧ್ಯಾಹ್ನ ಠಾಕುರ್ಲಿಯ ಅಂಗಡಿಯಲ್ಲಿ ಕೂತಿದ್ದೆ. ಹಣಮಂತ್ರಾಯ ಅಂತ ಒಬ್ಬ ಊಟಕ್ಕೆ ಬಂದ. ಕಲ್ಯಾಣ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು, ಹೆಗಲ ಮೇಲೆ ಇನ್ನೂ ಈರುಳ್ಳಿ ಸಿಪ್ಪೆ ಅಂಟಿತ್ತು. ತಟ್ಟೆ ಮುಂದಿಟ್ಟುಕೊಂಡು ಒಂದು ತುತ್ತು ತಿಂದು ಅಪರ್ಣಾಳ ಮುಖ ನೋಡಿದ.

"ಅಕ್ಕೋರೆ, ನಿನ್ನಿ ಸಾರಿನ್ಯಾಗ ಉಪ್ಪು ಕಡಿಮಿ ಆಗಿತ್ತಲ್ರೀ. ಮೈಯಾಗ ಆರಾಮ ಇದ್ದಿಲ್ಲೇನು?"

"ಸ್ವಲ್ಪ ಜ್ವರ ಇತ್ತು ಹಣಮಂತಣ್ಣ. ಇವತ್ತು ಸರಿ ಉಂಟು" ಅಂದಳು ಅಪರ್ಣಾ.

"ಹಂಗನ್ರಿ ಮತ್ತ. ನಾ ಅದೇ ಅನ್ಕೊಂಡೆ" ಅಂತ ಅವನು ತಲೆ ತಗ್ಗಿಸಿ ಉಂಡ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಜ್ವರ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ! ಒಂದೇ ಮನೆ, ಒಂದೇ ಕೋಣೆ, ಅದೇ ಸಾರು ನಾನೂ ಉಂಡಿದ್ದೆ. ಉಪ್ಪು ಕಡಿಮೆ ಅಂತ ಗೊಣಗಿ ಮೇಲಿನಿಂದ ಉಪ್ಪು ಹಾಕಿಕೊಂಡಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಜನ ನನ್ನ ಕೈಯ ಊಟ ಉಂಡು ಚಪ್ಪಾಳೆ ತಟ್ಟಿದ್ದಾರೆ, ಅಡುಗೆಯಲ್ಲಿ ಒಂದು ದಿನ ಏರುಪೇರಾದರೆ ನಿನಗೆ ಹುಷಾರಿಲ್ಲವಾ ಅಂತ ಒಬ್ಬನೂ ಕೇಳಿದ್ದಿಲ್ಲ. ಕೇಳಲಿಕ್ಕೆ ಅವರಿಗೆ ನನ್ನ ರುಚಿ ಗೊತ್ತಾಗುವಷ್ಟರಲ್ಲಿ ಎಂಟು ದಿನ ಮುಗಿದಿರುತ್ತದೆ. ನನಗೆ ಹೊಟ್ಟೆಕಿಚ್ಚಾಯಿತು. ಮೂಟೆ ಹೊರುವವನ ಒಂದು ಮಾತಿಗೆ, ನನ್ನ ಹೆಂಡತಿಯ ಮೇಲೆ, ಹೊಟ್ಟೆಕಿಚ್ಚು!

ಆ ಹೊಟ್ಟೆಕಿಚ್ಚಿನಲ್ಲಿಯೇ ನಾನು ಬಾಯಿ ಬಿಟ್ಟದ್ದು. ಮರುದಿನ ಗುರುವಾರ ಅಪರ್ಣಾಳಿಗೆ ಮೊದಲ ದೊಡ್ಡ ಆರ್ಡರ್ ಇತ್ತು. ಕಲ್ಯಾಣ ಪಶ್ಚಿಮದಲ್ಲಿ ಅವಳ ಪರಿಚಯದ ರಮಾಮಣಿಯಮ್ಮನ ಮಗಳು ನಿಕಿತಾಳ ಸೀಮಂತ, ಅರವತ್ತು ಜನರ ಊಟ, ಹನ್ನೆರಡೂವರೆಗೆ ಎಲೆ ಹಾಕಬೇಕು.

"ಅನ್ನ ನನಗೆ ಬಿಡು. ನೀನು ಮೇಲೋಗರ, ಪಾಯಸ ಮನೆಯಲ್ಲೇ ಮಾಡಿಕೊಂಡು ಬಾ" ಅಂದೆ.

"ಆಗ್ತದಾ ನಿಮಗೆ?"

"ಎಂತ ಮಾತಾಡ್ತೀ? ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ದಿನಾ ಅನ್ನ ಮಾಡಿ ಬಡಿಸಿದ ಕೈ ಇದು. ಕಣ್ಣು ಕಟ್ಟಿ ಬಿಟ್ಟರೂ ಮಾಡ್ತೇನೆ."

ಅವಳ ಮುಖ ಒಮ್ಮೆ ಅರಳಿತು. ಅಷ್ಟು ಸಣ್ಣ ಮಾತಿಗೆ ಅಷ್ಟು ಸಂತೋಷ ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಕುರ್ಲಿಯಲ್ಲಿ ಒಲೆ ಹಚ್ಚಿದೆ. ದೊಡ್ಡ ಪಾತ್ರೆ, ತೊಳೆದ ಅಕ್ಕಿ, ಅಳತೆಯ ನೀರು. ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಭಾರಕ್ಕೆ ರುಬ್ಬುವ ಗುಂಡು. ಉರಿ ಹದ ಮಾಡಿ ಕೈ ಕಟ್ಟಿ ನಿಂತೆ. ಮನೀಶನ ಮಿಸ್ಡ್ ಕಾಲ್ ಎರಡು ಬಂದಿತ್ತು, ಬಾಗಿಲಿಗೂ ಒಲೆಗೂ ನಡುವೆ ತಿರುಗುತ್ತಿದ್ದೆ. ಅರ್ಧ ಗಂಟೆ ಆಗಿರಬೇಕು, ತರಕಾರಿ ಹೆಚ್ಚುತ್ತಿದ್ದ ಚಂದ್ರಬಾಯಿ ಮೂಗು ಎತ್ತಿ, "ಅಣ್ಣಾರೆ, ಅನ್ನ ಆಗ್ಯಾದ ನೋಡ್ರಿ, ವಾಸನಿ ಬರ್ಲಾಕತ್ತದ" ಅಂತ ಮುಚ್ಚಳಕ್ಕೆ ಕೈ ಹಾಕಿದಳು.

"ಮುಟ್ಟಬೇಡ!" ನಾನು ಎಷ್ಟು ಜೋರಾಗಿ ಕೂಗಿದೆ ಅಂದರೆ ಅವಳ ಕೈಯ ಬೀನ್ಸ್ ಕೆಳಗೆ ಬಿತ್ತು. "ಅನ್ನ ಯಾವಾಗ ಆಗ್ತದೆ ಅಂತ ನನಗೆ ಹೇಳಿಕೊಡ್ತೀಯಾ? ಮುಚ್ಚಳ ತೆಗೆದರೆ ಕೆಟ್ಟಿತು."

ಅವಳು ಬಿದ್ದ ಬೀನ್ಸ್ ಹೆಕ್ಕಿಕೊಂಡಳು. ನಾನು ಇನ್ನೂ ಇಪ್ಪತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದೆ.

ಅನ್ನ ಎಲ್ಲಿತ್ತು? ಪಾತ್ರೆಯ ತುಂಬ ಬಿಳಿ ಮುದ್ದೆ. ಕೆಳಗೆ ತಳ ಹಿಡಿದಿತ್ತು. ಸೌಟು ಹಾಕಿದರೆ ಸೌಟು ನೆಟ್ಟಗೆ ನಿಂತಿತು. ಎಂತ ಆಯಿತು ಅಂತ ತಿಳಿಯಲಿಕ್ಕೆ ಒಂದು ನಿಮಿಷ ಬೇಕಾಯಿತು. ಲೇಹ್‌ನ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಯಲ್ಲಿ ಬಿಸಿ ಸಾಲದು. ಅಲ್ಲಿ ಅನ್ನಕ್ಕೆ ಒಂದೂವರೆ ಪಟ್ಟು ನೀರು, ಎರಡೂವರೆ ಪಟ್ಟು ಹೊತ್ತು, ನಡುವೆ ಮುಚ್ಚಳ ತೆಗೆಯುವ ಹಾಗೇ ಇಲ್ಲ. ಮೂರೂವರೆ ತಿಂಗಳು ಹಾಗೆಯೇ ಮಾಡಿದ ಕೈ ಠಾಕುರ್ಲಿಯಲ್ಲೂ ಹಾಗೆಯೇ ಮಾಡಿತ್ತು. ನಾನು ಬಂದು ಒಂಬತ್ತು ದಿನ ಆಗಿತ್ತು, ನನ್ನ ಕೈ ಇನ್ನೂ ಬಂದಿರಲಿಲ್ಲ.

ಹನ್ನೊಂದು ಗಂಟೆಗೆ ಅಪರ್ಣಾ ಟೆಂಪೋದಲ್ಲಿ ಹುಳಿ, ಮೆಣಸ್ಕಾಯಿ ಗೊಜ್ಜು, ಪಾಯಸ ಎಲ್ಲ ಹೇರಿಕೊಂಡು ಬಂದಳು. ಪಾತ್ರೆಯೊಳಗೆ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಚಂದ್ರಬಾಯಿ, ಅಕ್ಕಿ ತೊಳಿ. ಎರಡು ಪಾತ್ರೆಯಲ್ಲಿ ಇಡುವ" ಅಂದಳು. ನನಗೆ ಹೇಳಿದ್ದು ಒಂದೇ ಮಾತು: "ನೀವು ಆಚೆ ನಿಲ್ಲಿ."

ಹತ್ತೊಂಬತ್ತು ವರ್ಷದಲ್ಲಿ ಯಾರೂ ನನ್ನನ್ನು ಒಲೆಯ ಹತ್ತಿರದಿಂದ ಆಚೆ ನಿಲ್ಲಿಸಿದ್ದಿಲ್ಲ. ನಿಂತೆ. ಮುದ್ದೆಯಾದ ಅನ್ನಕ್ಕೆ ಮೊಸರು ಕಲಸಿ ಚಂದ್ರಬಾಯಿ ತಮ್ಮ ಓಣಿಯ ಮಕ್ಕಳಿಗೆ ಕಳಿಸಿದಳು. ಹೊಸ ಅನ್ನ ಆಗುವಾಗ ಹನ್ನೆರಡು ಗಂಟೆ. ಪತ್ರಿ ಪೂಲ್ ಸೇತುವೆಯ ಮೇಲೆ ಟ್ರಾಫಿಕ್ಕು. ಅಪರ್ಣಾ ಟೆಂಪೋದ ಹಿಂದೆ ಬಿಸಿ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ನಾನು ಎದುರು ಕೂತು ಅವಳ ಮುಖ ನೋಡಲಾರದೆ ಹಾರನ್ ಹೊಡೆಯುವವರನ್ನೆಲ್ಲ ಬೈಯುತ್ತಿದ್ದೆ. ಮುಟ್ಟುವಾಗ ಒಂದೂಕಾಲು.

ಬಾಗಿಲಲ್ಲೇ ರಮಾಮಣಿಯಮ್ಮ ನಿಂತಿದ್ದರು. "ಎಂತ ಅಪರ್ಣಾ, ಬಸುರಿ ಹುಡುಗಿಯನ್ನು ಹಸಿವಲ್ಲಿ ಕೂರಿಸಿದ್ಯಲ್ಲ! ಇದು ಸರಿಯಾ?"

"ತಪ್ಪಾಯ್ತು ಅಮ್ಮ" ಅಂದಳು ಅಪರ್ಣಾ. ತಪ್ಪು ಯಾರದ್ದು ಅಂತ ಹೇಳಲಿಲ್ಲ. ನಾನು ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಇಪ್ಪತ್ತೆರಡು ದೇಶದ ಮಹಾರಾಜ್ ಅನ್ನ ಕೆಡಿಸಿದ ಅಂತ ಅಷ್ಟು ಜನರ ಎದುರು ಹೇಳಲಿಕ್ಕೆ ನಾಲಿಗೆ ಏಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಊಟವೇನೋ ಚೆನ್ನಾಗಿಯೇ ಆಯಿತು. ನಿಕಿತಾ ಎರಡು ಸಲ ಮೆಣಸ್ಕಾಯಿ ಹಾಕಿಸಿಕೊಂಡಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲ ಮುಗಿದು, ಸೀಮಂತದ ಹಾಲ್‌ನ ಹಿಂದೆ ನಲ್ಲಿಯ ಹತ್ತಿರ ಖಾಲಿ ಪಾತ್ರೆಗಳ ನಡುವೆ ಕಟ್ಟೆಯ ಮೇಲೆ ನಾವಿಬ್ಬರೂ ಕೂತೆವು. ಟೆಂಪೋ ಬರಬೇಕಿತ್ತು. ಐದಾಗಲಿಕ್ಕೆ ಹತ್ತು ನಿಮಿಷ.

"ಅಪರ್ಣಾ, ನಾನು ಭೂತಾನ್‌ಗೆ ಹೋಗುದಿಲ್ಲ. ಇನ್ನು ಎಲ್ಲಿಗೂ ಹೋಗುದಿಲ್ಲ. ನಿನ್ನ ಜೊತೆ ಇಲ್ಲೇ ಇರ್ತೇನೆ."

ಅವಳು ಕೆನ್ನೆ ಒರೆಸಿಕೊಂಡು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ನೋಡಿ, "ನಿಮ್ಮ ಮಂಡೆ ಸಮ ಉಂಟಾ?" ಅಂದಳು. "ಎಲ್ಲಿಗೂ ಹೋಗ್ಬೇಡಿ ಅಂತ ನಾನು ಯಾವಾಗ ಹೇಳಿದೆ? ನಾನು ಹೇಳಿದ್ದು ದೀಪಾವಳಿ ಕಳೆದ ಮೇಲೆ. ಒಂದು ಹತ್ತು ದಿನ ಅಂಗಡಿ ನೋಡ್ಕೊಳ್ಳಿ ಅಂತ."

"ಹತ್ತು ದಿನ ಯಾಕೆ?"

"ಹೋಗುದು ನಾನು ಮಾರಾಯ್ರೆ. ಟೂರಿಗೆ. ಹೆಂಗಸರದ್ದೇ ಗ್ರೂಪು. ಬಂದ ದಿನ ಹೇಳ್ಲಿಕ್ಕೆ ಹೊರಟಿದ್ದೆ, ನೀವು ಬಾಯಿ ತೆರೀಲಿಕ್ಕೆ ಬಿಟ್ಟರೆ ಅಲ್ವಾ? ನಿನ್ನೆ ನೀವು ಅನ್ನ ಮಾಡ್ತೇನೆ ಅಂದಾಗ, ಸರಿ, ಅಂಗಡಿ ಇವ್ರ ಕೈಗೆ ಬಿಟ್ಟು ಧೈರ್ಯದಲ್ಲಿ ಹೋಗಬಹುದು ಅಂತ ಇದ್ದೆ." ಅವಳು ಅನ್ನದ ಖಾಲಿ ಪಾತ್ರೆ ನೋಡಿದಳು. "ಇನ್ನು ಬಿಡಿ. ನಲವತ್ತು ಜನರ ಹೊಟ್ಟೆ ಬಿಟ್ಟು ಎಲ್ಲಿಗೆ ಹೋಗುದು. ಬರುದಿಲ್ಲ ಅಂತ ಹೇಳ್ತೇನೆ."

ಒಂಬತ್ತು ದಿನ ನಾನು ಹೋಗುವುದಾ ಇರುವುದಾ ಅಂತ ನನ್ನದೇ ಚಿಂತೆಯಲ್ಲಿದ್ದೆ. ಈ ಮನೆಯಲ್ಲಿ ಇನ್ನೊಬ್ಬರಿಗೂ ಎಲ್ಲಿಗಾದರೂ ಹೋಗಬೇಕು ಅನ್ನಿಸಬಹುದು ಅಂತ ನನ್ನ ತಲೆಗೇ ಬಂದಿರಲಿಲ್ಲ.

"ಎಲ್ಲಿಗೆ?" ಅಂತ ಕೇಳಿದೆ.

"ಭೂತಾನ್‌ಗೆ."

"ನಮ್ಮ ಕಂಪನಿಯಲ್ಲಾ?"

"ಬೇರೆಯವರದ್ದು. ಅಲ್ಲಿಗೂ ಹೋಗಿ ನಿಮ್ಮದೇ ಉಪ್ಪಿಟ್ಟು ತಿನ್ಬೇಕಾ?" ಅಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಅಲ್ಲಿ ಬಂಡೆಯ ನೆತ್ತಿಗೆ ಒಂದು ಗುಡಿ ಉಂಟಲ್ಲ, ಮೋಡದ ಹತ್ತಿರ, ಗುಡ್ಡ ಹತ್ತಿ ಹೋಗುವಂಥದ್ದು. ನೀವು ಹನ್ನೊಂದು ಸಲ ಹೋಗಿ ಬಂದ್ರಿ. ಪ್ರತಿ ಸಲ ಹೇಗುಂಟು ಅಂತ ಕೇಳಿದೆ, ಪ್ರತಿ ಸಲ ಚೆನ್ನಾಗುಂಟು ಅಂದ್ರಿ. ಅಷ್ಟೇ. ನಮ್ಮನ್ನು ಬಿಟ್ಟು ಮತ್ತೆ ಮತ್ತೆ ಹೋಗ್ತಾರಲ್ಲ, ಅಂಥದ್ದು ಎಂತ ಉಂಟು ಅಲ್ಲಿ ಅಂತ ನನಗೆ ಒಂದು ಸಲ ನೋಡ್ಬೇಕಿತ್ತು."

ಸುಳ್ಳು ಹೇಳಬಹುದಿತ್ತು. ಮಧ್ಯಾಹ್ನದಿಂದ ಒಂದು ನಿಜ ನುಂಗಿಕೊಂಡದ್ದೇ ಸಾಕಾಗಿತ್ತು.

"ನಾನು ಹತ್ತಿಲ್ಲ ಅಪರ್ಣಾ."

"ಎಂತ?"

"ಆ ಗುಡಿಗೆ ಹತ್ತಿಲ್ಲ. ಒಂದು ಸಲವೂ. ಬೆಳಿಗ್ಗೆ ನಲವತ್ತು ಜನರಿಗೆ ಚಿತ್ರಾನ್ನ ಕಟ್ಟಿ ಕೊಟ್ಟು ಕೆಳಗೇ ಇರ್ತಿದ್ದೆ."

"ಪುರುಸೊತ್ತಾಗ್ಲಿಲ್ವಾ?"

"ಆಗ್ತಿತ್ತು. ಮಲಗ್ತಿದ್ದೆ." ಅಂದೆ. "ಮೇಲೆ ನನ್ನ ಅಡುಗೆ ಕೇಳುವವರು ಯಾರೂ ಇರ್ಲಿಲ್ಲ. ಮತ್ತೆ ಯಾಕೆ ಹತ್ತುದು ಅಂತ."

ಅಪರ್ಣಾ ಬಾಯಿಗೆ ಸೆರಗು ಹಿಡಿದಳು. ನಗುತ್ತಾಳಾ ಅಳುತ್ತಾಳಾ ಗೊತ್ತಾಗಲಿಲ್ಲ, ಎರಡೂ ಇತ್ತು. "ಅಯ್ಯೋ ದೇವರೇ! ನಾನಿಲ್ಲಿ ಹತ್ತೊಂಬತ್ತು ವರ್ಷ ಎಂತೆಂಥದ್ದೋ ಗ್ರಹಿಸಿಕೊಂಡು ಕೂತೆನಲ್ಲ. ಇವ್ರು ಅಲ್ಲಿ ಎಂತದೋ ದೊಡ್ಡದು ನೋಡ್ತಾ ಇದ್ದಾರೆ, ಅದಕ್ಕೇ ಮನೆಯ ನೆನಪಾಗುದಿಲ್ಲ ಅಂತ!"

ಅವಳ ಕೈ ಹಿಡಿದುಕೊಂಡೆ. ಬಿಸಿ ಪಾತ್ರೆ ಹಿಡಿದು ಅಂಗೈ ಕೆಂಪಾಗಿತ್ತು. "ನೀನು ಹೋಗು. ಹತ್ತು ದಿನವೂ ಚಂದ್ರಬಾಯಿ ಹೇಳಿದಾಗ ಮುಚ್ಚಳ ತೆಗೀತೇನೆ. ಈಗಲೇ ಒಳಗೆ ಹೋಗಿ ರಮಾಮಣಿಯಮ್ಮನ ಹತ್ತಿರ ಅನ್ನ ಕೆಡಿಸಿದ್ದು ನಾನು ಅಂತಲೂ ಹೇಳ್ತೇನೆ. ನೀನು ಹೋಗಿ ಬಾ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮನೀಶ. ನಾವು ಮಾತಾಡುವುದು ಮರಾಠಿಯಲ್ಲಿ, ಅಪರ್ಣಾಳಿಗೂ ಎಲ್ಲ ತಿಳಿಯುತ್ತದೆ.

"ಮಹಾರಾಜ್, ಐದಾಯ್ತು. ಭೂತಾನ್‌ಗೆ ನಿಮ್ಮ ಹೆಸರು ಹಾಕಿದೆ, ಆಯ್ತಲ್ಲ?"

"ನನ್ನ ಹೆಸರು ತೆಗಿ. ಈ ಸಲ ಭೂತಾನ್‌ಗೆ ನನ್ನ ಹೆಂಡತಿ ಹೋಗುತ್ತಿದ್ದಾಳೆ."

"ಅತ್ತಿಗೆ ಹೋಗ್ತಾರಾ? ಅಡುಗೆಗಾ?"

"ಅಲ್ಲ" ಅಂದೆ. "ನೋಡಲಿಕ್ಕೆ."